ಅತ್ತೆಯ ಹಗ್ಗ, ಅಳಿಯನ ತಂತಿ

ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಬೀದಿಯವರೆಲ್ಲ ಆ ದರ್ಜಿಯನ್ನು ಟೇಪಣ್ಣ ಎನ್ನುತ್ತಿದ್ದರು. ಈ ಮಹಾಶೂರ ನಡುವಯಸ್ಸಿನಲ್ಲಿ ಪರೀಕ್ಷೆ ಬರೆದು, ಹವ್ಯಾಸಿಗಳು ಮನೆಯಿಂದಲೇ ಊರೂರಿಗೆ ದನಿ ಕಳಿಸುವ ಹ್ಯಾಮ್ ರೇಡಿಯೊ ಲೈಸೆನ್ಸ್ ಗೆದ್ದ. ಗುರಿ ಒಂದೇ: ದೂರದ ದ್ವೀಪದ ದೀಪಸ್ತಂಭದಲ್ಲಿ ಕೆಲಸಕ್ಕಿದ್ದ, ಅದೇ ಹುಚ್ಚು ಹಿಡಿದ ಭಾವಮೈದುನನ ಜೊತೆ ಮಾತಾಡುವುದು.

ಆಂಟೆನಾ ಬ್ರಹ್ಮವಿದ್ಯೆಯೇನಲ್ಲ. ರೇಡಿಯೊ ಅಲೆಯ ಅರ್ಧದಷ್ಟು ಉದ್ದದ ತಂತಿ. ಅದನ್ನು ನಟ್ಟನಡುವೆ ತುಂಡರಿಸಿ, ಎರಡು ತೋಳಿಗೂ ಕೇಬಲಿನ ಒಂದೊಂದು ಎಳೆ ಬೆಸೆದರೆ ಮುಗಿಯಿತು. ಉದ್ದವಾದರೆ ಕತ್ತರಿಸಬಹುದು, ಗಿಡ್ಡವಾದರೆ ಗತಿಯಿಲ್ಲ ಎಂಬ ಪರಮಸತ್ಯವನ್ನು ಅವನಿಗೆ ಪ್ಯಾಂಟುಗಳು ಎಂದೋ ಕಲಿಸಿದ್ದವು. ಗೇಣುದ್ದ ಹೆಚ್ಚೇ ಬಿಟ್ಟುಕೊಂಡು, ಮೀಟರ್ ನೋಡುತ್ತ, ಎರಡೂ ತುದಿಯನ್ನು ಬೆರಳಗಲದಷ್ಟೇ ಕತ್ತರಿಸುತ್ತ ಹದಕ್ಕೆ ತಂದ.

ಆದರೆ ತಾರಸಿಯಲ್ಲಿ ಆಗಲೇ ಒಂದು ಸಾಮ್ರಾಜ್ಯವಿತ್ತು: ಅತ್ತೆಯ ಬಟ್ಟೆ ಹಗ್ಗ. ಅದಕ್ಕೆ ಅಡ್ಡಲಾಗಿ ಎರಡು ಬಿದಿರ ಗಳು ನೆಟ್ಟು ತಂತಿ ಬಿಗಿದ ಟೇಪಣ್ಣ, ಬಾಣ ಹೂಡಿದವನಂತೆ ಅದರ ತುದಿಯನ್ನು ನೇರ ದ್ವೀಪಕ್ಕೇ ಗುರಿಯಿಟ್ಟ. ನಡುವಿನಿಂದ ಜೋತುಬಿದ್ದ ಕೇಬಲ್ ಒದ್ದೆ ಹೊದಿಕೆಗಳ ಜೊತೆ ಕುಸ್ತಿಗೆ ಇಳಿಯಿತು. ಭಾನುವಾರದೊಳಗೆ ಮಗನ ದನಿ ಕೇಳಿಸದಿದ್ದರೆ ತಂತಿ ಗುಜರಿಗೆ ಎಂದು ಅತ್ತೆ ಗಡುವು ಕೊಟ್ಟರು.

ವಾರವಿಡೀ ಟೇಪಣ್ಣ ಗಂಟಲು ಹರಿದುಕೊಂಡ. ಎಲ್ಲೆಲ್ಲಿಯವರೋ ಓಗೊಟ್ಟರು, ದ್ವೀಪ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿತ್ತು.

ಭಾನುವಾರ ತಾರಸಿಗೆ ಕಾಫಿ ತಂದ ಹೆಂಡತಿ ತಂತಿಯನ್ನು ದಿಟ್ಟಿಸಿದಳು. "ಓಗೊಟ್ಟೋರೆಲ್ಲ ಇದರ ಎಡಬಲದ ಊರಿನವರೇ ಅಲ್ವಾ? ಮೂಗಿನ ನೇರಕ್ಕೆ ಒಬ್ರೂ ಇಲ್ವಲ್ರೀ."

ಟೇಪಣ್ಣ ಹಣೆ ಚಚ್ಚಿಕೊಂಡ. ಈ ತಂತಿ ಬಾಣವಲ್ಲ. ಅದರ ಬಲವೆಲ್ಲ ಎರಡು ಪಕ್ಕೆಗಳಲ್ಲಿ, ತುದಿಗಳು ಹೆಚ್ಚುಕಡಿಮೆ ಮೂಗರು. ಓದಿದ್ದನ್ನೆಲ್ಲ ಶೌರ್ಯದ ಭರದಲ್ಲಿ ಮರೆತಿದ್ದ. ಈಗ ತಂತಿಯನ್ನು ಅಡ್ಡ ತಿರುಗಿಸಬೇಕು. ಅಡ್ಡಕ್ಕೆ ಇದ್ದದ್ದೋ, ಅತ್ತೆಯ ಹಗ್ಗದ ಕಂಬಗಳು.

"ಕಂಬ ನನ್ನದು," ಎಂದರು ಅತ್ತೆ.

"ಮಗನೂ ನಿಮ್ಮವನೇ ಅತ್ತೆ."

ಅತ್ತೆ ಹಗ್ಗದ ಮೇಲಿನ ಒದ್ದೆ ಹೊದಿಕೆಯನ್ನು ಎಳೆದುಕೊಂಡರು. "ಹಾಗಾದ್ರೆ ನನ್ನ ಬಟ್ಟೆ ನಿನ್ನ ಅಂಗಡೀಲೇ ಒಣಗುತ್ತೆ. ಒಪ್ಪಿಗೆನಾ?"

ಒಪ್ಪಿದ. ಹಗ್ಗ ಇಳಿಯಿತು, ಗಳುಗಳು ಕಂಬವೇರಿದವು, ತಂತಿ ತಿರುಗಿತು. ಸಂಜೆಗೆ ಕೆಳಗಿನ ಅಂಗಡಿಯಲ್ಲಿದ್ದ ರೇಡಿಯೊದ ಗೊರಗೊರ ಸದ್ದಿನ ನಡುವಿಂದ, "ಭಾವಾ, ಅಮ್ಮ ಇದ್ದಾಳಾ?" ಎಂಬ ದನಿ ಬಂತು.

ಅತ್ತೆ ಮೈಕು ಕಸಿದುಕೊಂಡರು. ಉಂಡೆಯಾ, ಕೆಮ್ಮು ಹೋಯಿತಾ, ಯಾಕೆ ಮಾತಾಡುತ್ತಿಲ್ಲ ಎಂದು ಪ್ರಶ್ನೆಗಳ ಮಳೆ. ಮಗ ಮಾತಾಡುವುದಾದರೂ ಹೇಗೆ? ಅತ್ತೆ ಒತ್ತಿಹಿಡಿದ ಮೈಕಿನ ಗುಂಡಿ ಬಿಟ್ಟರೆ ತಾನೇ ಅವನ ದನಿ ಕೇಳುವುದು! ಅದನ್ನು ಹೇಳಲು ಬಾಯಿ ತೆರೆದ ಟೇಪಣ್ಣನನ್ನು ಅವರು ಕೈಸನ್ನೆಯಲ್ಲೇ ಕೂರಿಸಿದರು. ಹೊಲಿಗೆ ಯಂತ್ರದ ಮೇಲೆ ಹರಡಿದ್ದ ಹೊದಿಕೆ ಅವನ ಕಾಲ ಮೇಲೆ ತಣ್ಣಗೆ ತೊಟ್ಟಿಕ್ಕುತ್ತಿತ್ತು.