ಬಾಯೋರು ಅಕ್ಕನನ್ನು ಕರೆದ ಮಧ್ಯಾಹ್ನ

ಹೋದ ತಿಂಗಳು ಕಣ್ಣು ತೋರಿಸಲು ಹುನಗುಂದದ ದವಾಖಾನೆಗೆ ಹೋಗಿದ್ದೆ. ಮಗ ಚೀಟಿ ಮಾಡಿಸಿಕೊಂಡು ಬರುವಷ್ಟರಲ್ಲಿ ಕೈ ತೊಳೆಯೋಣವೆಂದು ನಲ್ಲಿಯ ಹತ್ತಿರ ನಿಂತೆ. ಅಲ್ಲಿ ಕೆಂಪು ಕಾರ್ಬಾಲಿಕ್ ಸಾಬೂನಿನ ತುಂಡೊಂದಿತ್ತು. ನೊರೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕಣ್ಣು ಮುಚ್ಚಿಕೊಂಡು ಗೋಡೆ ಹಿಡಿದೆ. ಮಗ ಓಡಿ ಬಂದು, "ಯಾಕಬೇ, ತಲಿ ತಿರಗಾಕತ್ತೇತೇನು?" ಎಂದ. ಇಲ್ಲವೆಂದೆ. ಆ ವಾಸನೆಯನ್ನು ನಾನು ಮೊದಲು ತೀರ ಹತ್ತಿರದಿಂದ ಮೂಸಿದ್ದು ಕಣ್ಣು ಬಿಡಲಾಗದ ಹೊತ್ತಿನಲ್ಲಿ… ಅದನ್ನು ಅವನಿಗೆ ಹೇಗೆ ಹೇಳಲಿ?

ಐವತ್ತರ ದಶಕದ ಮಾತು. ನಮ್ಮ ಮನೆ ಇಳಕಲ್ಲಿನ ನೇಕಾರರ ಓಣಿಯಲ್ಲಿತ್ತು. ಸಂತೆಯ ದಿನ ಹುನಗುಂದದ ಬಸ್ಸಿನಿಂದ ಒಬ್ಬ ಹೆಂಗಸು ಇಳಿದು ಬರುತ್ತಿದ್ದರು. ಕಿರಿಸ್ತಾನರ ಉಪದೇಶ ಮಾಡುವವರು. ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ, ಎಲ್ಲರಿಗೂ ಅವರು ಬಾಯೋರು. ಬಿಳಿ ಸೀರೆ, ಹೆಗಲಿಗೊಂದು ಅರಿವೆಯ ಚೀಲ. ಮುಖದ ತುಂಬ ಸಿಡುಬಿನ ಕಲೆಗಳು. ಒಂದು ಕಣ್ಣು ಪೂರ್ತಿ ಬೆಳ್ಳಗಾಗಿತ್ತು. ಓಣಿಯ ಬಾಯಲ್ಲಿ ನಿಂತು, ಯಾರು ಕೇಳಲಿ ಬಿಡಲಿ, ತಮ್ಮ ಯೇಸುವಿನ ಕಥೆ ಶುರು ಮಾಡುತ್ತಿದ್ದರು. ಅವರ ದನಿ ಕೇಳಬಾರದೆಂದು ಗಂಡಸರು ಮಗ್ಗವನ್ನು ಜೋರಾಗಿ ಬಡಿಯುತ್ತಿದ್ದರು. ಹುಡುಗರು ಹರಳು ಎಸೆಯುತ್ತಿದ್ದರು. ಅವರು ಮಾತ್ರ ಕಥೆ ಮುಗಿಸಿಯೇ ಹೋಗುವರು.

ಎಲ್ಲರಿಗಿಂತ ಹೆಚ್ಚು ಸಿಟ್ಟು ನಮ್ಮ ಆಯಿಗೆ, ಎಂದರೆ ನನ್ನ ತಂದೆಯ ತಾಯಿಗೆ. ಒಂದು ದಿನ ನೂಲಿಗೆ ಬಣ್ಣ ಹಾಕಿ ಉಳಿದಿದ್ದ ಕೆಂಪು ನೀರನ್ನು ತಂದು ಬಾಯೋರ ಮೈಮೇಲೆ ಸುರಿದೇಬಿಟ್ಟಳು. ಬಾಯೋರು ಮುಖ ಒರೆಸಿಕೊಂಡು ಸೀರೆಯ ಕಡೆ ನೋಡಿ, "ಬಣ್ಣ ಚಲೋ ಹಿಡದದರಿ ಆಯಿ" ಎಂದರು. ಮುಂದಿನ ಸಂತೆಗೆ ಅದೇ ಸೀರೆಯಲ್ಲಿ ಬಂದರು. ಎಷ್ಟು ತೊಳೆದರೂ ಹೋಗದ ಆ ಕೆಂಪು ನಮಗೆ, ಮಕ್ಕಳಿಗೆ, ರಕ್ತದಂತೆ ಕಾಣುತ್ತಿತ್ತು. ನಾನು ಅಕ್ಕನ ಬೆನ್ನ ಹಿಂದೆ ಅಡಗುತ್ತಿದ್ದೆ.

ಆ ಬೇಸಿಗೆಯಲ್ಲಿ ಓಣಿಗೆ ಸಿಡುಬು ಬಂತು. ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. 'ಮನಿಗೆ ಅವ್ವ ಬಂದಾಳ' ಎನ್ನುತ್ತಿದ್ದರು; ಅವ್ವನೆಂದರೆ ಸಿಡುಬಿನ ದೇವಿ. ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿದ ಮನೆಗೆ ಯಾರೂ ಕಾಲಿಡುವಂತಿರಲಿಲ್ಲ. ಒಂದೊಂದೇ ಮಗ್ಗ ನಿಂತಿತು. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಬೆಳೆದವಳು ನಾನು. ಅದು ಪೂರ್ತಿ ನಿಂತ ದಿನ ಕಿವಿಯಲ್ಲಿ ಏನೋ ಸತ್ತಂತಾಯಿತು…

ನಮ್ಮ ಮನೆಯ ಬಾಗಿಲಿಗೂ ಬೇವು ಕಟ್ಟಿದರು. ನನ್ನ ಹೆತ್ತವ್ವ ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು. ನಾನೂ ಅಕ್ಕನೂ ನಡುಮನೆಯ ಕತ್ತಲಲ್ಲಿ ಅಕ್ಕಪಕ್ಕ ಮಲಗಿದ್ದೆವು. ರೆಪ್ಪೆಗಳು ಬಾತು ನನ್ನ ಕಣ್ಣು ಮುಚ್ಚಿಹೋಗಿದ್ದವು. ಅಕ್ಕನ ಉಸಿರಾಟ ಕೇಳಿಸಿಕೊಳ್ಳುತ್ತ ಹೊತ್ತು ಕಳೆಯುತ್ತಿದ್ದೆ. ಒಂದು ದಿನ ಅದು ಕೇಳಿಸಲಿಲ್ಲ. ಆಯಿ ಅವಳಿಗೆ ಏನೋ ಹೊದಿಸಿದ ಸಪ್ಪಳ ಕೇಳಿತು. ಅಪ್ಪ ಹೊರಗೆ ಹೋದ. ಮಣ್ಣು ಮಾಡಲು ಜನರನ್ನು ಕರೆಯಹೋದನೆಂದು ನನಗೆ ತಿಳಿದದ್ದು ಆಮೇಲೆ.

ಹೊರಗೆ ಸುಡುವ ಬಿಸಿಲಿರಬೇಕು. ಬಾಗಿಲಲ್ಲಿ ಬಾಯೋರ ದನಿ.

"ಒಳಗ ಅವ್ವ ಕುಂತಾಳ. ನೀ ಬಂದ್ರ ಸಿಟ್ಟಾಗ್ತಾಳ. ಹೋಗು," ಎಂದಳು ಆಯಿ. ಆ ದನಿಯಲ್ಲಿ ಶಕ್ತಿಯೇ ಇರಲಿಲ್ಲ.

"ನನ್ನ ಮುಖ ನೋಡ್ರಿ ಆಯಿ. ನನಗ ಒಮ್ಮೆ ಬಂದು ಹೋಗೇದ, ಮತ್ತ ಬರಂಗಿಲ್ಲ. ನೀವು ನಿದ್ದಿಗೆಟ್ಟು ನಿಂತೀರಿ. ಕೂಸಿಗೆ ನೀರರ ಕುಡಸ್ತೇನಿ, ಬಿಡ್ರಿ."

ಬಾಗಿಲಿಂದ ಪಕ್ಕಕ್ಕೆ ಸರಿಯುತ್ತ ಆಯಿ ಹೇಳಿದಳು: "ನಿನ್ನ ದೇವರ ಹೆಸರು ಈ ಮನಿಯಾಗ ತಗೀಬ್ಯಾಡ."

"ಕೇಳಲಿಲ್ಲಂದ್ರ ಹೇಳಂಗಿಲ್ಲ. ಯಾರರ ಕೇಳಿದ್ರ ಮಾತ್ರ ನನಗ ಸುಮ್ಮನಿರ್ಲಿಕ್ಕೆ ಆಗೂದಿಲ್ಲರಿ."

ಸಾಬೂನಿನ ವಾಸನೆ ಹತ್ತಿರ ಬಂತು. ತಣ್ಣನೆಯ ಒದ್ದೆ ಅರಿವೆಯೊಂದು ನನ್ನ ತುಟಿಗೆ ತಾಗಿತು. ಕೈ ಚಾಚಿದೆ. ಬೆರಳಿಗೆ ಒಂದು ಮುಖ ಸಿಕ್ಕಿತು, ತುಂಬ ಕುಳಿಗಳು. ಜ್ವರದ ತಲೆಗೆ ಒಂದೇ ತೋಚಿತು: ಊರೆಲ್ಲ ಅಂಜುವ ದೇವಿ ನನ್ನ ಹಾಸಿಗೆಯ ಮೇಲೇ ಕೂತಿದ್ದಾಳೆ.

"ನೀ ಅವ್ವ ಏನು? ನನ್ನ ಒಯ್ಯಾಕ ಬಂದೀಯೇನು?"

"ಅಲ್ಲ ಮಗಳ. ನಾನೂ ನಿನ್ಹಂಗ ಮಲಗಿ ಎದ್ದಾಕಿ."

"ನಿನ್ನ ಯಾರು ಎಬ್ಬಿಸಿದ್ರು?"

ಅವರು ಆಯಿಯ ಕಡೆ ನೋಡಿರಬೇಕು. ಆಯಿ ತಡೆಯಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ ಕಥೆ ಹೇಳಿದರು. ಯೇಸು ಎಂಬುವವನು ಒಂದು ಮನೆಗೆ ಹೋದ. ಅಲ್ಲಿ ನಮ್ಮಕ್ಕನ ವಯಸ್ಸಿನ ಹುಡುಗಿ ಸತ್ತು ಮಲಗಿದ್ದಳು. ಅಳುತ್ತಿದ್ದವರಿಗೆ ಅವನು ಇವಳು ನಿದ್ದೆ ಹೋಗಿದ್ದಾಳೆ ಎಂದ. ಎಲ್ಲರೂ ನಕ್ಕರು. ಅವನು ಕೈಹಿಡಿದು ಎಬ್ಬಿಸಿದ. ಅವಳು ಎದ್ದು ಉಂಡಳು.

"ನಮ್ಮಕ್ಕನೂ ಉಸರಾಡವಲ್ಲಳು. ಹಂಗ ಎಬ್ಬಸು," ಎಂದೆ.

ಸೀರೆಯ ಸರಪರ ಸಪ್ಪಳ ನನ್ನನ್ನು ದಾಟಿ ಅಕ್ಕನ ಕಡೆ ಹೋಯಿತು. ಹೊದಿಕೆ ಸರಿಯಿತು. ಬಾಯೋರು ಅಕ್ಕನನ್ನು ಕರೆದರು. ಗಟ್ಟಿಯಾಗಿ ಅಲ್ಲ, ಮುಂಜಾನೆ ಮಕ್ಕಳನ್ನು ಏಳಿಸುವ ಹಾಗೆ. ಮತ್ತೆ ಕರೆದರು. ಬಾಗಿಲ ಹತ್ತಿರ ಆಯಿ ಒಮ್ಮೆಲೇ ಉಸಿರೆಳೆದುಕೊಂಡದ್ದು ಕೇಳಿತು. ಮತ್ತೆ ಏನೂ ಇಲ್ಲ. ಬಾಯೋರು ನನ್ನ ಹತ್ತಿರ ಬಂದು ಕೂತರು. ನನ್ನ ಕೈ ಹಿಡಿದುಕೊಂಡರು.

"ಏಳಲಿಲ್ಲ ಮಗಳ."

"ಯಾಕ?"

"ಗೊತ್ತಿಲ್ಲವ್ವಾ… ನನಗ ಗೊತ್ತಿಲ್ಲ."

ಕಿರಿಸ್ತಾನದವಳು ಒಳಗೆ ಹೋದದ್ದಕ್ಕೇ ದೇವಿ ಮುನಿದು ಹುಡುಗಿಯನ್ನು ಒಯ್ದಳೆಂದು ಓಣಿ ಮಾತಾಡಿತು. ಹಿಂದಿನ ಬಾಗಿಲಿಂದ ಅವರು ಹೊರಟದ್ದನ್ನು ಯಾರೋ ನೋಡಿದ್ದರು. ಮುಂದಿನ ಸಂತೆಗೆ ಬಾಯೋರು ಬರಲಿಕ್ಕಿಲ್ಲವೆಂದು ಎಲ್ಲರೂ ಅಂದುಕೊಂಡಿದ್ದರು. ಬಂದರು. ಹಿರಿಯರು ಸುತ್ತುಗಟ್ಟಿ ಆಯಿಯನ್ನು ಕರೆಸಿದರು. "ಈಕಿನ್ನ ಒಳಗ ಕರಕೊಂಡಿದ್ದೇನು?" ಹೌದೆಂದರೆ ನಮ್ಮ ಮನೆಗೆ ಬಹಿಷ್ಕಾರ, ಬೆಂಕಿಯಿಲ್ಲ, ನೀರಿಲ್ಲ. ಆಯಿಯ ಬಾಯಿ ಏಳಲಿಲ್ಲವೆಂದು, ಅವಳು ತೀರಿದ ಮೇಲೆ, ಅಪ್ಪ ನನಗೆ ಹೇಳಿದ. ಬಾಯೋರೇ ಮುಂದೆ ಬಂದರಂತೆ.

"ಆಯಿ ಹೋಗು ಅಂದ್ರು. ನಾನೇ ಒಳಗ ಹೋದೆ. ಅವರಿಗೆ ಏನೂ ಅನಬ್ಯಾಡ್ರಿ."

"ಇನ್ನ ಮ್ಯಾಲೆ ಯಾರ ಮುಂದೂ ನಿನ್ನ ಕಥಿ ಹೇಳಂಗಿಲ್ಲಂತ ಆಣಿ ಮಾಡು."

"ಕೂಸು ಕೇಳ್ತು, ಹೇಳೀನಿ. ಕೇಳಿದವರಿಗೆ ನಾಳೇನೂ ಹೇಳ್ತೇನಿ."

ಯಾರೋ ಚೀಲ ಹರಿದರು, ಯಾರೋ ನೂಕಿದರು. ಕಟ್ಟೆಗೆ ಹಣೆ ಬಡಿದು ರಕ್ತ ಬಂತು. ಹಾಗೇ ಎಳೆದುಕೊಂಡು ಹೋಗಿ ಹುನಗುಂದದ ಬಸ್ಸಿಗೆ ಹತ್ತಿಸಿದರು. ಮತ್ತೆಂದೂ ಅವರು ನಮ್ಮ ಓಣಿಗೆ ಬರಲಿಲ್ಲ.

ಸುದ್ದಿ ಮಾತ್ರ ಬರುತ್ತಿತ್ತು. ಶಿರೂರಿನಲ್ಲಿ ಬೇವು ಕಟ್ಟಿದ ಮನೆಯೊಳಗಿಂದ ಆ ದನಿ ಕೇಳಿತಂತೆ. ಬಾದಾಮಿಯ ಕಡೆಯೂ ಕೇಳಿತಂತೆ. ಆ ಮನೆಯವರನ್ನು ವಿಚಾರಿಸಿದರೆ, ಯಾರೂ ಬಂದಿಲ್ಲ ಎನ್ನುತ್ತಿದ್ದರಂತೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ನಾನು ಎದ್ದು ಓಡಾಡುವಂತಾದ ಮೇಲೆ ಬಾಯೋರ ಮಾತೆತ್ತಿದರೆ ಆಯಿ, "ಯಾರೂ ಬಂದಿದ್ದಿಲ್ಲ. ನಿನಗ ಜ್ವರ ಇತ್ತು," ಎನ್ನುತ್ತಿದ್ದಳು. ಓಣಿಯವರೂ ನನ್ನ ಮುಂದೆ ಆ ಮಾತೆತ್ತುತ್ತಿರಲಿಲ್ಲ. ಕೇಳಿ ಕೇಳಿ ನನಗೂ ಸಂಶಯ ಬಂತು. ಆ ದಿನ ನಾನಾದರೂ ಅವರನ್ನು ಕಣ್ಣಾರೆ ಕಂಡಿದ್ದೆನೇ?

ಎಷ್ಟೋ ವರ್ಷದ ಮೇಲೆ ಆಯಿ ಹಾಸಿಗೆ ಹಿಡಿದಳು. ನಾನು ನೀರು ಕುಡಿಸುತ್ತಿದ್ದೆ. ಒಮ್ಮೆಲೇ ನನ್ನ ರಟ್ಟೆ ಹಿಡಿದಳು.

"ಆಕಿ ಬಂದಿದ್ಳು."

"ಯಾರು ಆಯಿ?"

"ಆಕಿ ಕರದಾಗ ನಿಮ್ಮಕ್ಕ ಕಣ್ಣು ಬಿಟ್ಟಿದ್ಳು. ನಾ ಬಾಗಲದಾಗ ನಿಂತು ನೋಡೀನಿ. ಆಕಿ ತಲಿ ಬಗ್ಗಿಸಿ ಕುಂತಿದ್ಳು, ಆಕಿಗೆ ಕಾಣಲಿಲ್ಲ. ನಿಮ್ಮಕ್ಕ ಆಕಿ ಮುಖ ನೋಡಿದ್ಳು… ಮತ್ತ ಮುಚ್ಚಿದ್ಳು."

"ಅವಾಗ ಯಾಕ ಹೇಳಲಿಲ್ಲ?"

"ಅಂಜಿಕಿ ಬಂತವಾ," ಎಂದು ಗೋಡೆಯ ಕಡೆ ಹೊರಳಿದಳು.

ಅದು ಸಾಯುವ ಮುದುಕಿಯ ಭ್ರಮೆಯೋ, ಅಕ್ಕನಲ್ಲಿ ಇನ್ನೂ ಜೀವವಿತ್ತೋ, ಬೇರೆ ಏನೋ… ಯೋಚಿಸಿದಾಗೆಲ್ಲ ಮೈ ತಣ್ಣಗಾಗುತ್ತದೆ. ನಾನು ಬಾಯೋರ ಧರ್ಮಕ್ಕೆ ಸೇರಿದವಳಲ್ಲ, ತೀರ್ಮಾನ ಹೇಳುವವಳೂ ಅಲ್ಲ. ಆಯಿ ತೀರಿದ ಮೇಲೆ ಅವರನ್ನು ಹುಡುಕಿಕೊಂಡು ಹುನಗುಂದಕ್ಕೂ ಬಾಗಲಕೋಟೆಗೂ ಹೋಗಿ ಕಿರಿಸ್ತಾನರ ಮನೆಗಳಲ್ಲಿ ಕೇಳಿದೆ. ಒಂದು ಕಣ್ಣಿನ ಉಪದೇಶಿಯಮ್ಮ ಇದ್ದರೆಂದು ಕೆಲವರು ಕೇಳಿ ಬಲ್ಲರು. ಎಲ್ಲಿ ಸತ್ತರು, ಎಲ್ಲಿ ಮಣ್ಣಾದರು, ಯಾರಿಗೂ ಗೊತ್ತಿಲ್ಲ.

ಹೋದ ತಿಂಗಳು ಆ ದವಾಖಾನೆಯಿಂದ ಬರುವಾಗ ಬಸ್ಸಿನಲ್ಲಿ ಮಗನಿಗೆ ಇದೆಲ್ಲ ಹೇಳಿದೆ. ಅವನು ಎಲ್ಲ ಕೇಳಿ, "ಸಿಕ್ಕಿದ್ರ ಏನ್ ಕೇಳ್ತಿದ್ದೆಬೇ ಅವರಿಗೆ?" ಎಂದ. ಕೇಳುವುದೇನೂ ಇರಲಿಲ್ಲ. ಹೇಳಬೇಕಿತ್ತು, ಅಷ್ಟೇ: ಅಕ್ಕ ಕಣ್ಣು ಬಿಟ್ಟು ನಿಮ್ಮ ಮುಖ ನೋಡಿದ್ದಳಂತೆ, ನಾನೂ ಎದ್ದೆ, ಎಂದು. ಯಾರೂ ಏಳಲಿಲ್ಲವೆಂದುಕೊಂಡೇ ಅವರು ಆ ಹಿಂದಿನ ಬಾಗಿಲು ದಾಟಿ ಹೋದರು.