ಸರೋಜವ್ವನ ಗುಳಿಗೆ ಡಬ್ಬಿ

ರಟ್ಟೀಹಳ್ಳಿ ಹತ್ತಿರದ ನಮ್ಮ ಊರಲ್ಲಿ ಯಾರಿಗೇ ಜ್ವರ ಬರಲಿ, ಮೊದಲು ನೆನಪಾಗುತ್ತಿದ್ದುದು ಆಶಾ ಕಾರ್ಯಕರ್ತೆ ಸರೋಜವ್ವನ ಬಿಸ್ಕೀಟು ಡಬ್ಬಿ. ಜ್ವರ ಬಿಟ್ಟ ಮೇಲೆ ಉಳಿದ ಗುಳಿಗೆಯನ್ನು ಚೆಲ್ಲುವುದು ಪಾಪವೆಂದು ಎಲ್ಲರೂ ಅದನ್ನು ಅವಳ ಡಬ್ಬಿಗೆ ಹಾಕುತ್ತಿದ್ದರು. ಮುಂದಿನವರಿಗೆ ಅವಳು ಅದರಿಂದಲೇ ಎರಡು ಮೂರು ಕೊಡುತ್ತಿದ್ದಳು. ಮೊಸರಿಗೆ ಹೆಪ್ಪು ಕೊಟ್ಟಂತೆ ಓಣಿ ತುಂಬ ಗುಳಿಗೆ ತಿರುಗಿದವು. ನಾವೆಲ್ಲ ನುಂಗಿದೆವು, ಅವಳನ್ನು ಹೊಗಳಿದೆವು. ಹೊಗಳಿದರೆ ಉಬ್ಬುವ ಹೆಂಗಸೇ ಅವಳು, ಸುಳ್ಳೇಕೆ ಹೇಳಲಿ.

ಅವಳ ಸೊಸೆ ಶೀಲಾ ಬಸುರಿಯಿದ್ದಾಗ ಉರಿಮೂತ್ರ ಶುರುವಾಯಿತು. ಸರೋಜವ್ವ ಡಬ್ಬಿ ತೆಗೆದಳು. ಉರಿ ಕಡಿಮೆಯಾದೊಡನೆ ನಿಲ್ಲಿಸುವುದು, ಮರಳಿದರೆ ಮತ್ತೆ ಕೊಡುವುದು, ಹೀಗೇ ನಡೆಯಿತು. ಏಳನೇ ತಿಂಗಳಲ್ಲಿ ಚಳಿಜ್ವರ ಏರಿ ದೊಡ್ಡ ದವಾಖಾನೆಗೆ ಒಯ್ದರು. ಅಲ್ಲಿ ಕೊಟ್ಟ ಔಷಧಿ ಯಾವುದೂ ನಾಟಲಿಲ್ಲ. ಕೊನೆಗೊಂದು ಇಂಜೆಕ್ಷನ್ನಿಗೆ ಶೀಲಾ ಉಳಿದಳು, ಕೂಸು ಉಳಿಯಲಿಲ್ಲ. ಹಣೆಬರಹ ಎಂದರು ಜನ. ಸರೋಜವ್ವನೂ ಹಾಗೇ ನಂಬಿದಳು.

ಆಮೇಲೆ ಹಿರೇಕೆರೂರಿನಲ್ಲಿ ಆಶಾಗಳಿಗೆ ತರಬೇತಿ. ಭಾಷಣಕ್ಕೆ ನಿದ್ದೆ ಬರುತ್ತದೆಂದು ಹಾವು-ಏಣಿ ಆಡಿಸಿದರು. ಕಾಯಿ ನಿಂತ ಮನೆಯಲ್ಲಿ ಬರೆದದ್ದನ್ನು ಆಡಿದವರೇ ಗಟ್ಟಿಯಾಗಿ ಓದಬೇಕು. ಸರೋಜವ್ವ ಹಾವಿನ ಬಾಯಿಗೆ ಬಿದ್ದಳು. ಅರ್ಧ ಓದಿದವಳು ಆಟ ಬಿಟ್ಟು ಎದ್ದಳಂತೆ. ಊರಿಗೆ ಬಂದವಳೇ ಡಬ್ಬಿಯನ್ನು ದವಾಖಾನೆಗೆ ಒಪ್ಪಿಸಿದಳು. ಸೊಸೆಗೆ ಮಾತ್ರ ಏನೂ ಹೇಳಲಿಲ್ಲ. ಹೇಳಿದರೆ ಅವಳು ತವರಿಗೆ ಹೋಗಿಬಿಟ್ಟಾಳು, ಮರಳಿ ಬರಲಿಕ್ಕಿಲ್ಲ ಎಂಬ ಅಂಜಿಕೆ.

ಆದರೆ ಆ ಆಟವನ್ನು ಆಶಾಗಳು ತಮ್ಮ ತಮ್ಮ ಓಣಿಯಲ್ಲೂ ಆಡಿಸಬೇಕೆಂದು ಮೇಲಿನವರ ಹುಕುಂ. ಸರೋಜವ್ವ ಕಟ್ಟೆಯ ಮೇಲೆ ಆಟದ ಹಾಳೆ ಬಿಚ್ಚಿದಳು. ಶೀಲಾ ಬಂದು ಹೆಂಗಸರ ನಡುವೆ ಕೂತಳು. ಕೂಸು ಹೋದ ಮೇಲೆ ಅವಳು ಹೀಗೆ ಹೊರಗೆ ಬಂದದ್ದು ಅದೇ ಮೊದಲು. ಅತ್ತೆ ಬೇಡವೆನ್ನದೆ ಅವಳಿಗೂ ಕಾಯಿಯೆಂದು ಒಂದು ಹುಣಸೆಬೀಜ ಕೊಟ್ಟಳು.

ಶೀಲಾಳ ಹುಣಸೆಬೀಜ ಅದೇ ಹಾವಿನ ಬಾಯಿಗೆ ಹೋಯಿತು. ಅವಳು ನಗುನಗುತ್ತ ಓದತೊಡಗಿದಳು. "ಬೇರೆಯವರು ಉಳಿಸಿದ ಗುಳಿಗೆಯನ್ನು ಅರ್ಧಂಬರ್ಧ ನುಂಗಿದಿರಿ. ರೋಗದ ಹುಳ ಔಷಧಿಗೆ ಬಗ್ಗದಂತಾಯಿತು. ಕೆಳಗಿಳಿಯಿರಿ."

ಓದಿ ಮುಗಿಸಿ ಅತ್ತೆಯ ಮುಖ ನೋಡಿದಳು. ನನಗೆ ಡಬ್ಬಿಯಿಂದ ಕೊಟ್ಟವೂ ಇಂಥವೇನು ಎಂದು ಕೇಳಿದಳು.

"ಹೌದವಾ," ಎಂದಳು ಸರೋಜವ್ವ. "ನನಗ ಗೊತ್ತಿರಲಿಲ್ಲ."

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ಒಬ್ಬಳು, ಉಂಡವಳು ಇನ್ನೊಬ್ಬಳು. ಶೀಲಾ ಹುಣಸೆಬೀಜವನ್ನು ಎತ್ತಿ ಅತ್ತೆಯ ಕೈಯಲ್ಲಿಟ್ಟಳು.

"ನಾ ಆಗಲೇ ಇಳದೇನ್ರಿ ಅತ್ತಿ. ಇನ್ನ ನೀವು ಇಳೀರಿ."