ಅಕ್ಕನ ಕಿರುಬೆರಳು

ನಿನ್ನೆ ಹನ್ನೊಂದನೆಯ ತರಗತಿಯ ಮಕ್ಕಳಿಗೆ ಸೂಕ್ಷ್ಮದರ್ಶಕದಲ್ಲಿ ಸ್ನಾಯುರಜ್ಜುವಿನ ತೆಳು ಪದರವೊಂದನ್ನು ತೋರಿಸುತ್ತಿದ್ದೆ. ಗುಲಾಬಿ ಬಣ್ಣದ ಎಳೆಗಳು ಒತ್ತೊತ್ತಾಗಿ, ಸಣ್ಣಗೆ ಅಲೆಯಾಡುತ್ತ ಒಂದೇ ದಿಕ್ಕಿಗೆ ಸಾಗಿದ್ದವು. ಅವುಗಳ ನಡುವೆ ಚಪ್ಪಟೆಯಾಗಿ ಸಿಕ್ಕಿಕೊಂಡ ಜೀವಕೋಶಗಳ ಸಾಲು. ನನಗೆ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ಹಿಂದೆ ನಿಂತ ಹುಡುಗಿಯರು ಕೆಮ್ಮಿದ ಮೇಲೆ ಪಕ್ಕಕ್ಕೆ ಸರಿದೆ.

ಗಡಿಯಾಚೆಯ ನಿಲಂಗಾದಲ್ಲಿ ಜೀವಶಾಸ್ತ್ರ ಕಲಿಸುತ್ತಲೇ ನನ್ನ ಕೂದಲು ನೆರೆತಿದೆ. ಮನೆಯಲ್ಲಿ ಕನ್ನಡ, ತರಗತಿಯಲ್ಲಿ ಮರಾಠಿ. ಸಂಯೋಜಕ ಅಂಗಾಂಶದ ಪಾಠವನ್ನು ಎರಡು ಭಾಷೆಯಲ್ಲೂ ಒಂದೇ ಸಮ ಬೇಸರ ಬರುವಂತೆ ಹೇಳಬಲ್ಲೆ. ಎಳೆಗಳಲ್ಲಿ ಮೂರು ಬಗೆ: ಗಟ್ಟಿಯಾದ ಬಿಳಿಯ ಕೊಲಾಜೆನ್, ಎಳೆದರೆ ಹಿಗ್ಗುವ ಹಳದಿ, ಬಲೆಯಂತೆ ಹೆಣೆದುಕೊಳ್ಳುವ ಸಣ್ಣವು. ಕೊಬ್ಬು, ಮೃದ್ವಸ್ಥಿ, ಎಲುಬು ಎಲ್ಲ ಇದೇ ಕುಲದವು, ಕೊನೆಗೆ ರಕ್ತವೂ. ಹರಿಯುವ ರಕ್ತ ಅದು ಹೇಗೆ ಜೋಡಿಸುತ್ತದೆ ಎಂದು ಪ್ರತಿವರ್ಷ ಯಾರಾದರೂ ಕೇಳುತ್ತಾರೆ. ಪ್ರತಿವರ್ಷ ನಾನು ಗಡಿಯಾರ ನೋಡುತ್ತೇನೆ.

ಕೆಲವು ವರ್ಷಗಳ ಹಿಂದೆ ಸೋಯಾಬೀನ್ ಕೊಯ್ಲಿನಲ್ಲಿ ಆ ಪಾಠ ನಮ್ಮ ಮನೆಗೇ ಬಂತು. ನನ್ನ ಅಕ್ಕ ಗುರಮ್ಮನನ್ನು ಕೊಟ್ಟದ್ದು ದಾಳಿಂಬ ಎಂಬ ಹಳ್ಳಿಗೆ. ಅವಳು ಎಡಗೈಯಲ್ಲಿ ಗಿಡ ಹಿಡಿದು ಬಲಗೈಯಿಂದ ಕೊಯ್ಯುವಾಗ ಕುಡುಗೋಲು ಜಾರಿ ಎಡ ಅಂಗೈಗೆ ಕೂತಿತು. ಅರಿಸಿನ ಮೆತ್ತಿ ಬಟ್ಟೆ ಕಟ್ಟಿದರು. ಮರುದಿನ ನಾನು ಹೋದಾಗ ರಕ್ತವೇನೋ ನಿಂತಿತ್ತು. ಮುಷ್ಟಿ ಹಿಡಿ ಎಂದೆ. ಉಂಗುರಬೆರಳು, ಕಿರುಬೆರಳು ಎರಡೂ ಕಡ್ಡಿಯ ಹಾಗೆ ನೆಟ್ಟಗೆ ನಿಂತವು.

ಅಕ್ಕನ ಅತ್ತೆ ಕಾಶಮ್ಮ ಹೊಸ್ತಿಲಲ್ಲಿ ಕೂತಿದ್ದರು. ಆ ಮನೆಯಲ್ಲಿ ಅವರ ಮಾತೇ ಕೊನೆಯ ಮಾತು. "ಗಾಯ ಆರಲಿ, ಬೆರಳು ತಾವಾಗೇ ಬಗ್ಗತಾವ," ಎಂದರು. ಊರವರು ನರ ಕಡಿದಿದೆ ಎನ್ನುತ್ತಿದ್ದರು. ನಮ್ಮ ಕಡೆ ಚರ್ಮದ ಒಳಗೆ ಬೆಳ್ಳಗೆ ಕಂಡದ್ದೆಲ್ಲ ನರವೇ, ನಿಮಗೆ ಗೊತ್ತಲ್ಲ. ಇದು ನರವಲ್ಲ, ಸ್ನಾಯುವನ್ನು ಎಲುಬಿಗೆ ಕಟ್ಟಿದ ಹಗ್ಗ ಎಂದು ಹೇಳಿನೋಡಿದೆ. ಯಾರೂ ಕಿವಿಗೊಡಲಿಲ್ಲ. ಕೊನೆಗೆ, ಲಂಗದ ಲಾಡಿ ಹರಿದರೆ ತುದಿ ಸೊಂಟದ ಮಡಿಕೆಯೊಳಗೆ ಸರಿದುಬಿಡುತ್ತದಲ್ಲ, ಇದೂ ಹಾಗೇ ಮುಂಗೈಯೊಳಗೆ ಸರಿಯುತ್ತ ಹೋಗುತ್ತದೆ, ತಡವಾದಷ್ಟೂ ಸಿಗುವುದು ಕಷ್ಟ ಎಂದೆ. ಅಕ್ಕ ಎದ್ದು ಚಪ್ಪಲಿ ಮೆಟ್ಟಿದಳು. ಕಾಶಮ್ಮ ನನ್ನ ಮುಖ ನೋಡಲಿಲ್ಲ.

ಉದಗೀರದ ಸರ್ಜನ್ ಇನ್ನೂ ಹುಡುಗುಮುಖದವರು. ತುದಿಗಳನ್ನು ಹುಡುಕಿ ಎಳೆದು ಹೊಲಿದರು. ಮಣಿಕಟ್ಟು ಬಾಗಿರುವಂತೆ ಕೈಯ ಹಿಂಬದಿಗೆ ಗಟ್ಟಿ ಪಟ್ಟಿ ಕಟ್ಟಿ, ಮರಾಠಿಯಲ್ಲಿ ನಿಧಾನವಾಗಿ ತಿಳಿಸಿದರು. ದಾರ ಬರೀ ಆಧಾರ, ನಿಜವಾಗಿ ಕೂಡಿಸುವವು ಜೀವಕೋಶಗಳು. ಅವು ಬಂದು ಹೊಸ ಎಳೆ ನೇಯಬೇಕು. ಕೈಯನ್ನು ಸುಮ್ಮನೆ ಇಟ್ಟರೆ ಆ ಎಳೆಗಳು ಅಕ್ಕಪಕ್ಕದ ಮಾಂಸಕ್ಕೂ ಅಂಟಿ ಬೆರಳು ಮರಗಟ್ಟುತ್ತದೆ. ಆದ್ದರಿಂದ ಬಲಗೈಯಿಂದ ಬೆರಳನ್ನು ಮೆಲ್ಲಗೆ ಬಗ್ಗಿಸುತ್ತಿರಬೇಕು. ಆದರೆ ಆ ಕೈಯಿಂದ ಏನನ್ನೂ ಬಿಗಿಯಾಗಿ ಹಿಡಿಯಬಾರದು. ಹಿಡಿದರೆ ಹರಿಯುತ್ತದೆ.

ಅಕ್ಕನನ್ನು ನಿಲಂಗಾಕ್ಕೆ, ನನ್ನ ಮನೆಗೆ ಕರೆತಂದೆ. ಬಾಗಿಲು ಬಡಿದುಕೊಂಡರೆ, ಪಾತ್ರೆ ಜಾರಿದರೆ ಅವಳ ಕೈ ತಾನೇ ಮುಂದಕ್ಕೆ ಹೋಗುತ್ತಿತ್ತು. ನಾನು "ಅಕ್ಕಾ" ಎನ್ನುತ್ತಿದ್ದೆ, ಕೈ ಹಿಂದಕ್ಕೆ ಬರುತ್ತಿತ್ತು. ಹಗಲೆಲ್ಲ ಅದೇ ಕಾವಲು. ನನ್ನ ದನಿಗೇ ನನಗೆ ಕಿರಿಕಿರಿಯಾಗತೊಡಗಿತು. ಬೆರಳು ಬಗ್ಗಿಸುವಾಗ ಒಳಗೆ ನಡೆಯುವುದನ್ನು ವಿವರಿಸುತ್ತಿದ್ದೆ: ಮೊದಲು ಎಳೆಗಳು ಅಡ್ಡಾದಿಡ್ಡಿ ಬೀಳುತ್ತವೆ, ಎಳೆತ ತಗುಲಿದ ಹಾಗೆಲ್ಲ ಆ ದಿಕ್ಕಿಗೆ ಸಾಲುಗೂಡುತ್ತವೆ. ಅವಳು ಕೇಳಿಸಿಕೊಂಡು, ಊರಲ್ಲಿ ಆಕಳು ಯಾರಿಗೂ ಹಿಂಡಗೊಡುತ್ತಿಲ್ಲವಂತೆ ಎನ್ನುತ್ತಿದ್ದಳು. ಅದು ದೇವಣಿ ತಳಿಯ ಆಕಳು, ಅವಳ ಕೈಗಲ್ಲದೆ ಹಾಲು ಇಳಿಸುತ್ತಿರಲಿಲ್ಲ.

ಆಕಳ ದೂರು ಹೊತ್ತು ಕಾಶಮ್ಮನೇ ಬಂದಿಳಿದರು. ಡಾಕ್ಟರರ ಬಾಯಿಂದ ಕೇಳಿಯೇ ಸೊಸೆಯನ್ನು ಕರೆದೊಯ್ಯುವುದೆಂದು ಅವರ ಹಟ. ಹಾಗಾಗಿ ತಪಾಸಣೆಯ ದಿನ ಮೂವರೂ ಉದಗೀರಕ್ಕೆ ಹೊರಟೆವು.

ನಿಲಂಗಾ ಬಸ್ ನಿಲ್ದಾಣದಲ್ಲಿ ನೂಕುನುಗ್ಗಲು. ಅಕ್ಕ ಮೊದಲು ಹತ್ತಿ, ಬಲಗೈಯಲ್ಲಿ ಬಾಗಿಲ ಪಕ್ಕದ ಸರಳು ಹಿಡಿದು ನಿಂತಳು. ಕಾಶಮ್ಮ ಮೆಟ್ಟಿಲ ಮೇಲಿದ್ದರು, ನಾನು ಚೀಲ ಹಿಡಿದು ಕೆಳಗೆ. ಅಷ್ಟರಲ್ಲಿ ಬಸ್ಸು ಜಗ್ಗಿ ಮುಂದಕ್ಕೆ ಹೋಯಿತು. ಮುದುಕಿಯ ಕೈ ಜಾರಿ, ಮೈ ಹಿಂದಕ್ಕೆ ವಾಲಿತು. ಹಿಂದಿನ ಚಕ್ರ ನನ್ನ ಕಣ್ಣಿಗೆ ಬಿತ್ತು. ಓಡಿದೆ, ಆದರೆ ನನ್ನ ಕೈಗೆ ಅವರ ಸೆರಗು ಕೂಡ ಎಟುಕಲಿಲ್ಲ.

ಅಕ್ಕನ ಎಡಗೈ ಹೊರಗೆ ಬಂತು. ಪಟ್ಟಿ ಕಟ್ಟಿದ ಕೈ. ಅದು ಅತ್ತೆಯ ರಟ್ಟೆಯನ್ನು ಹಿಡಿಯಿತು, ಬಿಡಲಿಲ್ಲ. ಜನ ಕೂಗಿ, ಕಂಡಕ್ಟರ್ ಗಂಟೆ ಹೊಡೆದು ಬಸ್ಸು ನಿಂತಾಗಲೂ ಆ ಹಿಡಿತ ಹಾಗೇ ಇತ್ತು. ಮುದುಕಿಯನ್ನು ಒಳಗೆ ಕೂರಿಸಿದೆವು. ಅಕ್ಕನ ಮುಖ ಬಿಳಿಚಿತ್ತು.

"ಒಳಗ ಟಪ್ ಅಂದಂಗ ಆತು," ಎಂದಳು ಮೆಲ್ಲಗೆ.

ಬಸ್ಸು ಉದಗೀರದತ್ತ ಹೊರಟಿತು. ಬೆರಳು ಅಲುಗಿಸಿ ನೋಡು ಎನ್ನಲು ನನಗೆ ಧೈರ್ಯವಿಲ್ಲ, ನೋಡಲು ಅವಳಿಗಿಲ್ಲ. ಎಡಗೈಯನ್ನು ಮಡಿಲಲ್ಲಿಟ್ಟು ಸೆರಗು ಮುಚ್ಚಿಕೊಂಡಿದ್ದಳು. ರಸ್ತೆಯ ಪ್ರತಿ ಕುಳಿಗೂ ನಾನು ಅವಳ ಮಡಿಲಿನತ್ತ ನೋಡುತ್ತಿದ್ದೆ. ಪುಸ್ತಕದಲ್ಲಿ ಓದಿದ್ದೆಲ್ಲ ಆಗ ಶತ್ರುವಾಯಿತು. ಹೊಸ ಎಳೆಗಳು ಎಷ್ಟು ಬಡಕಲಾಗಿರುತ್ತವೆಂದು ಆ ಬಸ್ಸಿನಲ್ಲಿ ಬಲ್ಲವಳು ನಾನೊಬ್ಬಳೇ. ಕಾಶಮ್ಮ ಕಿಟಕಿಯಾಚೆ ನೋಡುತ್ತ, ತಮ್ಮ ರಟ್ಟೆಯಲ್ಲಿ ಮೂಡಿದ ಬೆರಳ ಗುರುತುಗಳನ್ನು ಮತ್ತೆ ಮತ್ತೆ ಸವರಿಕೊಳ್ಳುತ್ತಿದ್ದರು.

ಸರ್ಜನ್ ಪಟ್ಟಿ ಬಿಚ್ಚಿ, ಮೆಲ್ಲಗೆ ಬಗ್ಗಿಸಲು ಹೇಳಿದರು. ಉಂಗುರಬೆರಳು ನಡುಗಿತು, ಒಂದಿಷ್ಟು ನಿಂತಿತು, ಆಮೇಲೆ ಬಗ್ಗಿತು. ಕಿರುಬೆರಳು ನೆಟ್ಟಗೇ ಉಳಿಯಿತು. ಅವರು ಅದನ್ನು ಮತ್ತೆ ಮತ್ತೆ ಒತ್ತಿ ನೋಡಿ ತಲೆ ಆಡಿಸಿದರು. ಮತ್ತೆ ಕೊಯ್ದು ನೋಡಬಹುದು, ಕೂಡದಿದ್ದರೆ ಬೇರೆ ಕಡೆಯಿಂದ ರಜ್ಜು ತೆಗೆದು ಹಾಕಬೇಕಾದೀತು. ಮತ್ತೆ ಅಷ್ಟೇ ಕಾಲ ಕಾಯಬೇಕು, ಸರಿಹೋದೀತೆಂಬ ಭರವಸೆ ಕೊಡಲಾರೆ ಎಂದರು.

ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಕಾಶಮ್ಮ ಸೆರಗು ಸರಿಸಿ ತಮ್ಮ ಮುಂಗೈಯನ್ನು ಮೇಜಿನ ಮೇಲೆ ಚಾಚಿದರು. "ನಂದು ತಗೋರಿ ಸಾಹೇಬ್ರ. ನಾ ಈಗ ಏನು ಹಿಂಡೂದದ, ಏನು ಕೊಯ್ಯೂದದ."

ಡಾಕ್ಟರರಿಗೆ ಭಾಷೆ ತಿಳಿಯದಿದ್ದರೂ ಕೈ ತಿಳಿಯಿತು. ಕಾಯಿಲೆಯವರ ಮೈಯಿಂದಲೇ ತೆಗೆಯುತ್ತೇವೆ, ಆಜಿ, ಎಂದು ಅವರ ಕೈಯನ್ನು ಮೆಲ್ಲಗೆ ಹಿಂದಕ್ಕಿಟ್ಟರು. ಅದು ಮತ್ತೆ ಮುಂದೆ ಬಂತು.

ಅಕ್ಕ ಅದನ್ನು ಬಲಗೈಯಿಂದ ಹಿಡಿದುಕೊಂಡಳು. "ಒಂದು ಬೆರಳು ಉಳದದ ಅತ್ತಿ. ಅಷ್ಟಾದ್ರ ಮುಷ್ಟಿ ಆಗತದ. ಇನ್ನೊಮ್ಮಿ ಕೊಯ್ಯೂದು ಬ್ಯಾಡ."

ಎಲ್ಲ ಆರಲು ಬಹಳ ಕಾಲ ಹಿಡಿಯಿತು. ಮೊನ್ನೆ ಭಾನುವಾರ ದಾಳಿಂಬಕ್ಕೆ ಹೋಗಿದ್ದೆ. ಅಕ್ಕ ಕೊಟ್ಟಿಗೆಯಲ್ಲಿ ಹಾಲು ಹಿಂಡುತ್ತಿದ್ದಳು. ಕಿರುಬೆರಳು ಪಕ್ಕಕ್ಕೆ ನೆಟ್ಟಗೆ ನಿಂತಿತ್ತು, ಉಳಿದವು ತಮ್ಮ ಕೆಲಸ ಮಾಡುತ್ತಿದ್ದವು. ಎಡಗೈಯ ಧಾರೆ ಬಲಗೈಗಿಂತ ಸಣ್ಣದು, ಶಬ್ದದಲ್ಲೇ ತಿಳಿಯುತ್ತದೆ. ಪಕ್ಕದಲ್ಲಿ ಕೂತು, ಇಷ್ಟು ವರ್ಷ ಕೇಳದೆ ಉಳಿದ ಮಾತನ್ನು ಕೇಳಿದೆ. ಅಂದು ಬಸ್ಸಿನಲ್ಲಿ ಕೈ ಚಾಚುವಾಗ ಡಾಕ್ಟರರ ಮಾತು ಮರೆತೇಹೋಗಿತ್ತೇ?

ಅಕ್ಕ ಹಿಂಡುವುದನ್ನು ನಿಲ್ಲಿಸಲಿಲ್ಲ. "ನೆನಪಿತ್ತು," ಎಂದಳು. ಆಮೇಲೆ, ಕರುವನ್ನು ಬಿಡು ಎಂದು ನನಗೆ ಕಣ್ಣಲ್ಲೇ ಸನ್ನೆ ಮಾಡಿದಳು. ನಾನು ಎದ್ದು ಹೋಗಿ ಹಗ್ಗ ಬಿಚ್ಚಿದೆ.